ಬೀಗ ಕೊನೆಗೆ: ಮಕ್ಕಳು ಕೇಸಿನಲ್ಲಿ ಸಿಕ್ಕಾಗ ಮುಂದಿರುವ ದಾರಿಗಳು, ಒಂದರ ಪಕ್ಕ ಒಂದಿಟ್ಟು

ಮೊಬೈಲ್ ಕದ್ದನೆಂದು ಹುಡುಗನನ್ನು ಠಾಣೆಗೆ ಕರೆದೊಯ್ದಿದ್ದಾರೆ ಎಂಬ ಫೋನು ಬಂದ ಕೂಡಲೇ ಮನೆಯವರಿಗೆ ಎರಡೇ ದಾರಿ ಕಾಣುತ್ತವೆ. ಊರಿನ ದೊಡ್ಡವರೊಬ್ಬರನ್ನು ಹಿಡಿದು ಬಿಡಿಸಿಕೊಂಡು ಬರುವುದು, ಇಲ್ಲವೇ ‘ರಿಮ್ಯಾಂಡ್ ಹೋಮಿಗೆ ಹೋದರ ಬುದ್ಧಿ ಬರತೈತಿ ಬಿಡು’ ಎಂದು ಕೈಚೆಲ್ಲುವುದು. ಎರಡೂ ತಪ್ಪು. ಇವುಗಳ ನಡುವೆ 2015ರ ಬಾಲ ನ್ಯಾಯ ಕಾಯ್ದೆ ಹಲವು ದಾರಿಗಳನ್ನು ಇಟ್ಟಿದೆ. ಬೀಗ ಹಾಕಿದ ಜಾಗಕ್ಕೆ ಕಳಿಸುವುದು ಎಲ್ಲ ದಾರಿ ಮುಗಿದ ಮೇಲಿನದು ಎಂದು ಅದರ 3ನೇ ಕಲಮೇ ಹೇಳುತ್ತದೆ. ಯಾವ ದಾರಿ ತೆರೆಯುತ್ತದೆ ಎಂಬುದು ಬಹುಮಟ್ಟಿಗೆ ಬಾಲ ನ್ಯಾಯ ಮಂಡಳಿಯ (ಮಕ್ಕಳ ಕೇಸು ಕೇಳುವ ಪೀಠ) ಮುಂದಿನ ಮೊದಲ ಹಾಜರಿಯ ದಿನ ಮನೆಯವರ ಕೈಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ತಂದೆತಾಯಿ, ಶಿಕ್ಷಕರು, ಪಂಚಾಯಿತಿ ಸದಸ್ಯರು, ಹೊಸ ವಕೀಲರು ಆ ದಿನಕ್ಕೆ ತಯಾರಾಗಲಿ ಎಂದು ಇದನ್ನು ಬರೆದಿದ್ದೇವೆ.

ಮೊದಲು ವಯಸ್ಸು, ಆಮೇಲೆ ಕೇಸಿನ ತೂಕ

ಘಟನೆ ನಡೆದ ದಿನ 18 ತುಂಬಿರದಿದ್ದರೆ ಅವನು ಕಾನೂನಿನ ಕಣ್ಣಿನಲ್ಲಿ ಮಗು. ಮೀಸೆ ಬಂದಿದೆಯೇ, ಮದುವೆ ಆಗಿದೆಯೇ, ಕಬ್ಬಿನ ಗ್ಯಾಂಗಿನಲ್ಲಿ ದೊಡ್ಡವರ ಸಮ ದುಡಿಯುತ್ತಾನೆಯೇ ಎಂಬುದು ಲೆಕ್ಕಕ್ಕಿಲ್ಲ. ವಯಸ್ಸಿಗೆ 94ನೇ ಕಲಂ ಕ್ರಮ ಹಾಕಿಕೊಟ್ಟಿದೆ. ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಇಲ್ಲವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ. ಆದೇಶವಾದ 15 ದಿನದೊಳಗೆ ಅದು ಮುಗಿಯಬೇಕು. ಆಧಾರ್ ಕಾರ್ಡು ಈ ಪಟ್ಟಿಯಲ್ಲೇ ಇಲ್ಲ. ಎಡವಟ್ಟಾಗುವುದು ಇಲ್ಲೇ. ಕೆಲಸಕ್ಕೆ ಹೋಗಲು, ಸಿಮ್ ಕೊಳ್ಳಲು ಆಧಾರಿನಲ್ಲಿ ವಯಸ್ಸು ಏರಿಸಿರುತ್ತಾರೆ; ಪೊಲೀಸರು ಅದನ್ನೇ ನೋಡಿ 19 ಎಂದು ಬರೆದುಕೊಳ್ಳುತ್ತಾರೆ; ಹುಡುಗ ಹಿಂಡಲಗಾ ಜೈಲಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಹೆಡ್‌ಮಾಸ್ತರ ಬಳಿ ದಾಖಲಾತಿ ರಜಿಸ್ಟರಿನ ದೃಢೀಕೃತ ಪ್ರತಿಯನ್ನು ಆ ದಿನವೇ ತೆಗೆದುಕೊಳ್ಳಿ. ಮಾಸ್ತರರು ಅಂದಾಜಿನಲ್ಲಿ ‘ಜೂನ್ 1’ ಎಂದು ಬರೆದ ತಾರೀಕೇ ಆಗಿದ್ದರೂ ದಾಖಲೆ ದಾಖಲೆಯೇ. ತಡವಾಗಿ ತಿಳಿದರೂ ದಾರಿ ಮುಚ್ಚಿಲ್ಲ: ವಯಸ್ಸಿನ ಪ್ರಶ್ನೆಯನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ತೀರ್ಪಾದ ಮೇಲೂ ಎತ್ತಬಹುದು.

ಆಮೇಲೆ ಕೇಸಿನ ತೂಕ. ಗರಿಷ್ಠ ಶಿಕ್ಷೆ ಮೂರು ವರ್ಷದೊಳಗಿದ್ದರೆ ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋರ. ನಡುವಿನದೆಲ್ಲ ಗಂಭೀರ. ಶಿಕ್ಷೆ ಹತ್ತೋ ಹದಿನಾಲ್ಕೋ ವರ್ಷದವರೆಗೆ ಹೋಗಬಹುದಾಗಿದ್ದು ಕನಿಷ್ಠ ಏಳು ಎಂದು ಹಾಕಿರದಿದ್ದರೆ ಅದೂ ಗಂಭೀರವೇ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2021ರ ತಿದ್ದುಪಡಿ ಅದನ್ನು ಕಾಯ್ದೆಗೇ ಸೇರಿಸಿತು. ಆದ್ದರಿಂದ ‘ಕಳ್ಳತನ’ ಎಂಬ ಒಂದೇ ಮಾತಿಗೆ ಎರಡು ತೂಕ. ಸಂತೆಯಲ್ಲಿ ಮೊಬೈಲ್ ಎಗರಿಸಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೂರು ವರ್ಷದವರೆಗೆ, ಅಂದರೆ ಸಣ್ಣದು. ಮನೆಗೋ ಅಂಗಡಿಗೋ ನುಗ್ಗಿ ಕದ್ದರೆ ಏಳು ವರ್ಷದವರೆಗೆ, ಗಂಭೀರ. ದರೋಡೆಯೂ ಗಂಭೀರ. ಕೊಲೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೊ ಕಾಯ್ದೆಯ 4 ಮತ್ತು 6ನೇ ಕಲಂ ಘೋರ. ಠಾಣೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಏನು ಮಾಡ್ಯಾನ್ರೀ?’ ಅಲ್ಲ, ‘ಯಾವ ಕಲಂ ಹಾಕೀರಿ?’

ಠಾಣೆಯಿಂದಲೇ ಮನೆಗೆ

ಎಲ್ಲಕ್ಕಿಂತ ಹಗುರವಾದ ದಾರಿ ಇದು, ಅತಿ ಕಡಿಮೆ ಬಳಕೆಯಾಗುವುದೂ ಇದೇ. 2016ರ ಮಾದರಿ ನಿಯಮಗಳ 8ನೇ ನಿಯಮದಂತೆ ಮಗುವಿನ ಮೇಲೆ ಎಫ್‌ಐಆರ್ ಹಾಕುವುದು ಅಪರಾಧ ಘೋರವಾಗಿದ್ದರೆ, ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದರೆ ಮಾತ್ರ. ಉಳಿದವುಗಳಲ್ಲಿ ಠಾಣೆಯ ಡೈರಿಯಲ್ಲಿ ಬರೆದುಕೊಂಡು, ನಮೂನೆ 1ರಲ್ಲಿ ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ತುಂಬಿ, ಬಾಲ ನ್ಯಾಯ ಮಂಡಳಿಗೆ ಕಳಿಸಿದರೆ ಸಾಕು. ಘೋರ ಅಪರಾಧವಲ್ಲದಿದ್ದರೆ ಹಿಡಿದಿಟ್ಟುಕೊಳ್ಳುವುದೂ ಮಗುವಿನ ಹಿತಕ್ಕೆ ಬೇಕೆನಿಸಿದಾಗ ಮಾತ್ರ.

ಪ್ರತಿ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಂದು ಒಬ್ಬರನ್ನು ನೇಮಿಸಿರಬೇಕು. ಬೇರೆಯವರ ಟೇಬಲ್ಲಿಗೆ ಅಲೆಯುವ ಬದಲು ಅವರನ್ನೇ ಕೇಳಿ. ತಂದೆಯೋ ತಾಯಿಯೋ ಪಾಲಕರೋ ನಮೂನೆ 2ರಲ್ಲಿ ಮುಚ್ಚಳಿಕೆ ಬರೆದುಕೊಟ್ಟು ಮಗುವನ್ನು ಕರೆದುಕೊಂಡು ಹೋಗಬಹುದು. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ, ಯಾವ ಹೇಳಿಕೆಗೂ ಮಗುವಿನ ಸಹಿ ತೆಗೆದುಕೊಳ್ಳುವಂತಿಲ್ಲ. ಹಿಡಿದಿಟ್ಟುಕೊಂಡರೆ ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಮಂಡಳಿಯ ಮುಂದೆ ತರಬೇಕು. ಆ ನಡುವಿನ ರಾತ್ರಿ ಠಾಣೆಯ ಬೆಂಚಿನ ಮೇಲಲ್ಲ, ವೀಕ್ಷಣಾಲಯದಲ್ಲಿ (ಜನ ರಿಮ್ಯಾಂಡ್ ಹೋಮ್ ಎನ್ನುವುದು ಇದನ್ನೇ).

ಈ ದಾರಿ ಕೆಡುವುದು ಎರಡು ಕಾರಣಕ್ಕೆ. ಮನೆಯವರು ಸಿಗುವುದಿಲ್ಲ: ಸುಗ್ಗಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಇಲ್ಲವೇ ಗೋವಾ, ಪುಣೆಗೆ ದುಡಿಯಲು ಹೋಗಿರುತ್ತವೆ, ಅಜ್ಜಿ ಒಬ್ಬಳೇ ಮನೆಯಲ್ಲಿ. ಇಲ್ಲವೇ ಠಾಣೆಯಲ್ಲಿ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಖಾಲಿ ಹಾಳೆಗೆ ಒತ್ತಬೇಡಿ. ಓದಿಸಿಕೊಂಡು ಒತ್ತಿ, ಒಂದು ಪ್ರತಿ ಕೇಳಿ. ತೊಡಕಾದರೆ 15100ಕ್ಕೆ ಫೋನು ಮಾಡಿ, ಅದು ಕಾನೂನು ಸೇವೆಗಳ ಸಹಾಯವಾಣಿ. ಮಕ್ಕಳಿಗೆ ವಕೀಲರ ನೆರವು ಪುಕ್ಕಟೆ, ಅಪ್ಪನ ಆದಾಯ ಎಷ್ಟಿದ್ದರೂ ಸರಿ. ಮಗುವಿಗೆ ಅಪಾಯವಿದೆ ಎನಿಸಿದರೆ 1098.

ಮಂಡಳಿಯ ಮುಂದೆ ಜಾಮೀನು

ಬಹುತೇಕ ಮಕ್ಕಳ ಪಾಡು ತೀರ್ಮಾನವಾಗುವುದು ಇಲ್ಲಿ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕಟಕಟೆ, ಎತ್ತರದ ವೇದಿಕೆ ಇರಕೂಡದು. 12ನೇ ಕಲಮಿನ ಪ್ರಕಾರ ಜಾಮೀನು ಕೊಡುವುದೇ ನಿಯಮ, ಕೇಸು ಜಾಮೀನು ಸಿಗುವಂಥದ್ದಿರಲಿ ಬಿಡಲಿ. ಪೋಕ್ಸೊ ಎಂದರೆ ಜಾಮೀನಿಲ್ಲ ಎಂಬ ಮಾತು ಊರೂರಲ್ಲಿ ಇದೆ. ಮಕ್ಕಳ ಮಟ್ಟಿಗೆ ಅದು ಸುಳ್ಳು. ನಿರಾಕರಿಸಲು ಮೂರೇ ಕಾರಣ: ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಬಿಟ್ಟರೆ ಅವನಿಗೇ ನೈತಿಕವಾಗಿಯೋ ದೈಹಿಕವಾಗಿಯೋ ಮಾನಸಿಕವಾಗಿಯೋ ಅಪಾಯ, ಬಿಟ್ಟರೆ ನ್ಯಾಯದ ಉದ್ದೇಶ ಕೆಡುತ್ತದೆ. ನಿರಾಕರಿಸಿದರೆ ಕಾರಣ ಬರೆದಿಡಬೇಕು. 2024ರ ಆಗಸ್ಟ್‌ನಲ್ಲಿ ರಾಜಸ್ಥಾನದ ಹುಡುಗನೊಬ್ಬನ ಪ್ರಕರಣದಲ್ಲಿ, ಈ ಮೂರರಲ್ಲಿ ಒಂದು ಇದೆ ಎಂದು ದಾಖಲಿಸದೆ ಜಾಮೀನು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹಾಗಾಗಿ ‘ನಮ್ಮ ಹುಡುಗ ಒಳ್ಳೆಯವ, ದಯವಿಟ್ಟು ಬಿಡ್ರಿ’ ಎಂದು ಅಳುವುದಕ್ಕಿಂತ ಆ ಮೂರು ಕಾರಣಗಳಿಗೆ ಮೂರು ಉತ್ತರ ಬರೆದುಕೊಂಡು ಹೋಗುವುದು ಮೇಲು. ರಬಕವಿ-ಬನಹಟ್ಟಿಯ 15 ವರ್ಷದ ಹುಡುಗನೊಬ್ಬ ಇಬ್ಬರು ದೊಡ್ಡ ಹುಡುಗರ ಜೊತೆ ಅಂಗಡಿ ಕಳ್ಳತನದಲ್ಲಿ ಸಿಕ್ಕಿದ್ದಾನೆ, ಅಪ್ಪ-ಅವ್ವ ಇಬ್ಬರೂ ಮಗ್ಗಕ್ಕೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಅರ್ಧ ಹಾಳೆಯ ಯೋಜನೆ ಹೀಗಿದ್ದರೆ ಸಾಕು:

‘ಮುಂಜಾನೆ 9ಕ್ಕೆ ಶಾಲೆ, ಹೆಡ್‌ಮಾಸ್ತರರು ಬರಗೊಡುವುದಾಗಿ ಬರೆದುಕೊಟ್ಟ ಪತ್ರ ಜೊತೆಗಿದೆ. ಸಂಜೆ 5ರಿಂದ 9ರವರೆಗೆ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಓದಿಕೊಂಡು ಕೂರುತ್ತಾನೆ; ಮಾವನ ಒಪ್ಪಿಗೆ ಪತ್ರ, ಫೋನ್ ನಂಬರು ಜೊತೆಗಿವೆ. ರಾತ್ರಿ ಅವ್ವ ಹಗಲು ಪಾಳಿಗೆ ಬದಲಾಯಿಸಿಕೊಂಡು ಮನೆಯಲ್ಲಿರುತ್ತಾಳೆ. ಆ ಇಬ್ಬರು ಹುಡುಗರ ಭೇಟಿ, ಫೋನು ಇಲ್ಲ. ಹದಿನೈದು ದಿನಕ್ಕೊಮ್ಮೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಮುಂದೆ ಹಾಜರಿ. ಹಾಜರಿಯ ದಿನ ಕರೆತರುವ ಹೊಣೆ ಅವ್ವನದು.’

ಇದರಲ್ಲಿ ಮಂಡಳಿಯವರ ಕಣ್ಣು ಮೊದಲು ಹೋಗುವುದು ಸಂಜೆ ಐದರಿಂದ ಒಂಬತ್ತರ ಸಾಲಿಗೆ. ಶಾಲೆ ಬಿಟ್ಟು ದೊಡ್ಡವರು ಮನೆಗೆ ಮರಳುವವರೆಗಿನ ಹೊತ್ತು ಎಲ್ಲ ಮನೆಗಳಲ್ಲೂ ಸಡಿಲ. ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಹಾಕಿ ಬರೆದರೆ ಯೋಜನೆಗೆ ಬಲ ಬರುತ್ತದೆ. ‘ಕೆಲಸಕ್ಕೆ ಹಚ್ಚತೀವ್ರಿ’ ಎಂದು ಮಾತ್ರ ಬರೆಯಬೇಡಿ. 14 ತುಂಬದವರನ್ನು ದುಡಿಸುವುದು, 18ರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದು ಕಾನೂನಿಗೆ ವಿರುದ್ಧ. ಅಂಥ ಯೋಜನೆ ಹುಡುಗನಿಗೇ ತಿರುಗುಬಾಣ.

ಜಾಮೀನುದಾರರ ಮಾತು. ನಮ್ಮ ಕಡೆ ಹೊಲದ ಉತಾರ ಇದ್ದವರೇ ಜಾಮೀನು ನಿಲ್ಲಬೇಕೆಂಬ ರೂಢಿ ಬಲವಾಗಿದೆ. ಹೊಲವಿಲ್ಲದ ಮನೆಯ ಮಗು ಆ ಒಂದು ಹಾಳೆಗಾಗಿ ಒಳಗೇ ಉಳಿದುಬಿಡುತ್ತದೆ. 12ನೇ ಕಲಂ ‘ಜಾಮೀನುದಾರರಿದ್ದು ಅಥವಾ ಇಲ್ಲದೆ’ ಎಂದೇ ಹೇಳುತ್ತದೆ. ಬರೀ ಮುಚ್ಚಳಿಕೆಯ ಮೇಲೆ ಬಿಡಿ ಎಂದು ವಕೀಲರ ಮೂಲಕ ಕೇಳಿ. ಜಾಮೀನಾಗಿಯೂ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕೆಂದು ಅದೇ ಕಲಮಿನ ನಾಲ್ಕನೇ ಉಪಕಲಂ ಹೇಳುತ್ತದೆ. ಕ್ಯಾಲೆಂಡರಿನಲ್ಲಿ ಏಳನೇ ದಿನಕ್ಕೆ ಗುರುತು ಹಾಕಿ. ಯಾರೂ ಕೇಳದಿದ್ದರೆ ಆ ದಿನ ಸುಮ್ಮನೆ ದಾಟಿ ಹೋಗುತ್ತದೆ.

ಷರತ್ತುಗಳಲ್ಲೂ ಆಯ್ಕೆ ಇದೆ. ಪ್ರತಿ ವಾರ ಠಾಣೆಗೆ ಹೋಗಿ ಸಹಿ ಮಾಡುವುದಕ್ಕಿಂತ ಪರಿವೀಕ್ಷಣಾಧಿಕಾರಿಯ ಮುಂದೆ ಹಾಜರಾಗುವುದು ಎಷ್ಟೋ ವಾಸಿ. ಠಾಣೆಯ ಮುಂದೆ ವಾರ ವಾರ ನಿಂತ ಹುಡುಗನನ್ನು ಊರು ‘ಕಳ್ಳ’ ಎಂದೇ ಗುರುತಿಸುತ್ತದೆ, ಹೊಸ ಕಳ್ಳತನವಾದಾಗಲೆಲ್ಲ ಮೊದಲು ಅವನನ್ನೇ ಕರೆಸುತ್ತಾರೆ. ದೂರವನ್ನೂ ಲೆಕ್ಕ ಹಾಕಿ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಹಾಜರಿಗೆ ಒಂದು ದಿನದ ಪಗಾರ ಹೋಗುತ್ತದೆ. ಶಕ್ತಿ ಯೋಜನೆಯಲ್ಲಿ ತಾಯಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಆದ್ದರಿಂದ ಕರೆತರುವ ಹೊಣೆ ತಾಯಿಯ ಹೆಸರಿನಲ್ಲಿರಲಿ. ಎರಡು ಸಲ ತಪ್ಪಿಸಿಕೊಂಡರೆ ಬಂದ ಜಾಮೀನೂ ಕೈತಪ್ಪುತ್ತದೆ. ಪಾಲಿಸಲಾಗದ ಷರತ್ತಿಗೆ ತಲೆಯಾಡಿಸಿ ಬರುವುದಕ್ಕಿಂತ ಅಲ್ಲೇ ‘ತಿಂಗಳಿಗೊಮ್ಮೆ ಮಾಡ್ರಿ, ವಾರವಾರ ಬರೂದು ಆಗೂದಿಲ್ರಿ’ ಎಂದು ಹೇಳಿ.

ಮನೆಯೇ ಸರಿಯಿಲ್ಲದಿದ್ದರೆ

ಕುಡಿದು ಬಡಿಯುವ ಅಪ್ಪ, ಓಣಿಯಲ್ಲೇ ಮಟಕಾ ಚೀಟಿ ಬರೆಸುವ ಗುಂಪು, ಎದುರು ಪಾರ್ಟಿಯ ಸಿಟ್ಟು ಇವೆಲ್ಲ ಇದ್ದರೆ ಮನೆಗೆ ಕಳಿಸುವುದು ಜಾಣತನವಲ್ಲ. ಹಾಗೆಂದು ಬೀಗದ ಮನೆಯೂ ಉತ್ತರವಲ್ಲ. ಅಜ್ಜಿ ಮನೆ, ದೊಡ್ಡವ್ವನ ಮನೆ, ಬೇರೆ ತಾಲ್ಲೂಕಿನ ಸೋದರಮಾವ ಇದ್ದೇ ಇರುತ್ತಾರೆ. ಮಂಡಳಿ ಅವರ ಹಿನ್ನೆಲೆ ಪರಿಶೀಲಿಸಿ ‘ಯೋಗ್ಯ ವ್ಯಕ್ತಿ’ ಎಂದು ಒಪ್ಪಿ ಮಗುವನ್ನು ಒಪ್ಪಿಸಬಹುದು. ಸಂಬಂಧಿಕರೇ ಆಗಬೇಕೆಂದೂ ಇಲ್ಲ. ಮಗುವಿಗೆ ಪರಿಚಯದ ಶಿಕ್ಷಕರೂ ಆಗಬಹುದು. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವ, ಎಲ್ಲಕ್ಕಿಂತ ಕಡಿಮೆ ಕೇಳುವ ದಾರಿ. ಆ ವ್ಯಕ್ತಿ ಆಧಾರ್, ರೇಷನ್ ಕಾರ್ಡು ಹಿಡಿದು ಮೊದಲ ಹಾಜರಿಗೇ ಖುದ್ದಾಗಿ ಬಂದಿರಬೇಕು. ಮುಂದಿನ ತಾರೀಕಿಗೆ ಬರುತ್ತಾರೆ ಎಂದರೆ ಅಲ್ಲಿಯವರೆಗೆ ಮಗು ಒಳಗೆ.

ನಶೆಯ ತೊಂದರೆ ಇದ್ದರೆ ಮುಚ್ಚಿಡಬೇಡಿ. ಪಂಕ್ಚರ್ ಸೊಲ್ಯೂಷನ್ ಮೂಸುವ, ಸಾರಾಯಿ ಕುಡಿಯುವ ಹುಡುಗನಿಗೆ ಬೇಕಿರುವುದು ಚಿಕಿತ್ಸೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಚೀಟಿ, ದೊಡ್ಡ ತೊಂದರೆಯಿದ್ದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನ ಚೀಟಿ ಇಟ್ಟರೆ ಅದು ಯೋಜನೆಯ ಒಂದು ಸಾಲಾಗುತ್ತದೆ. ಹುಡುಗರಿಂದ ಮಟಕಾ ಚೀಟಿ ಬರೆಸುವ, ಬಾಟಲಿ ಸಾಗಿಸುವ ದೊಡ್ಡವರ ಹೆಸರನ್ನೂ ಹೇಳಿ. ಮಕ್ಕಳನ್ನು ಅಕ್ರಮಕ್ಕೆ ಬಳಸುವವರಿಗೆ 83ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ, 5 ಲಕ್ಷದವರೆಗೆ ದಂಡ ಇದೆ.

ವೀಕ್ಷಣಾಲಯ ಯಾವಾಗ ಸರಿ

ಕೆಲವು ಸಲ ಸರಿ. ಹಲ್ಲೆಯೋ ಸಾವೋ ನಡೆದ ಊರಿನಲ್ಲಿ ಮರುದಿನವೇ ಹುಡುಗನನ್ನು ತಂದು ಬಿಟ್ಟರೆ ಅವನ ಜೀವಕ್ಕೇ ಅಪಾಯ, ಕರೆದೊಯ್ಯುವ ಬಂಧು ಯಾರೂ ಇಲ್ಲ ಎನ್ನುವಂಥಲ್ಲಿ ಕೆಲವು ದಿನದ ವೀಕ್ಷಣಾಲಯ ರಕ್ಷಣೆಯೇ. ಆದರೆ ‘ಬುದ್ಧಿ ಬರಲಿ’ ಎಂಬ ಕಾರಣಕ್ಕೆ ಅಲ್ಲ. ವಿಚಾರಣೆ ಮುಗಿಯದ ಮಗುವನ್ನು ಶಿಕ್ಷೆಗೆಂದು ಅಲ್ಲಿಡಲು ಕಾನೂನಿನಲ್ಲಿ ಜಾಗವಿಲ್ಲ. ಮೊಬೈಲ್ ಕದ್ದವನು ತನಗಿಂತ ದೊಡ್ಡ ಕೇಸಿನವರ ಜೊತೆ ಮಲಗಿ ಏಳುತ್ತಾನೆ, ಹೊಸ ವಿದ್ಯೆ ಕಲಿಯುತ್ತಾನೆ. ಶಾಲೆಯ ಹಾಜರಿ ಕಡಿಮೆಯಾಗುತ್ತದೆ. ಹತ್ತನೇ ಇಯತ್ತೆಯ ಹುಡುಗ ಜನವರಿಯಿಂದ ಮಾರ್ಚ್‌ವರೆಗೆ ಒಳಗಿದ್ದರೆ ಆ ವರ್ಷ ಹೋದಂತೆಯೇ. ಹೊರಬಂದ ಮೇಲೆ ಶಾಲೆ ‘ಟಿಸಿ ತಗೊಂಡು ಹೋಗ್ರಿ’ ಎನ್ನುತ್ತದೆ.

ಕಳಿಸಲೇಬೇಕಾದರೆ ಗಡುವಿನ ಮೇಲೆ ಕಣ್ಣಿಡಿ. ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ ಎರಡು ವಾರದಲ್ಲಿ ಬರಬೇಕು. ಅವರು ಮನೆಗೆ ಬರುವ ಮೊದಲೇ ಟಿಸಿ, ರೇಷನ್ ಕಾರ್ಡು, ಶಾಲೆಯ ಪತ್ರ ತೆಗೆದಿಟ್ಟಿರಿ, ಅಕ್ಕಪಕ್ಕದ ಇಬ್ಬರಿಗೆ ಹೇಳಿಟ್ಟಿರಿ. ಬಾಗಿಲಿಗೆ ಬೀಗ ಹಾಕಿದ್ದ ಮನೆ ಎಂದು ವರದಿಯಲ್ಲಿ ಬಂದರೆ ಮುಂದೆ ಅಳಿಸುವುದು ಕಷ್ಟ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು. ಸಣ್ಣ ಅಪರಾಧದ ವಿಚಾರಣೆ ಆಗಲೂ ಮುಗಿಯದಿದ್ದರೆ ಕೈಬಿಡಬೇಕು. 16ರಿಂದ 18ರ ನಡುವಿನವರ ಘೋರ ಪ್ರಕರಣಗಳಲ್ಲಿ ದೊಡ್ಡವರಂತೆ ವಿಚಾರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಎಂದು ನೋಡುವ ಪ್ರಾಥಮಿಕ ಮೌಲ್ಯಮಾಪನ ಮೂರು ತಿಂಗಳಲ್ಲಿ ನಡೆಯುತ್ತದೆ. ಅಲ್ಲಿಗೆ ಹೋದರೂ 21 ತುಂಬುವವರೆಗೆ ಇರಿಸುವುದು ‘ಸುರಕ್ಷಿತ ಸ್ಥಳ’ದಲ್ಲಿ, ಜೈಲಿನಲ್ಲಲ್ಲ.

ಜಾಮೀನು ನಿರಾಕರಿಸಿದ ಆದೇಶದ ಮೇಲೆ 30 ದಿನದಲ್ಲಿ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ. ಅದರ ಮೇಲೆ ಹೈಕೋರ್ಟು: ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ತಪ್ಪು ಸಾಬೀತಾದ ಮೇಲೆ

18ನೇ ಕಲಮಿನಲ್ಲಿ ಮೆಟ್ಟಿಲುಗಳಿವೆ. ತಿಳಿಹೇಳಿ ಮನೆಗೆ ಕಳಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ತಂದೆತಾಯಿಯ ಅಥವಾ ಯೋಗ್ಯ ವ್ಯಕ್ತಿಯ ವಶದಲ್ಲಿ ಸನ್ನಡತೆಯ ಮೇಲೆ ಮೂರು ವರ್ಷದವರೆಗೆ ಬಿಡುಗಡೆ, ಕಟ್ಟಕಡೆಗೆ ಮೂರು ವರ್ಷದವರೆಗೆ ವಿಶೇಷ ಗೃಹ. ದಂಡವನ್ನು ನಾವು ಮೆಚ್ಚುವುದಿಲ್ಲ. ಅಪ್ಪ ಸಾಲ ಮಾಡಿ ಕಟ್ಟುತ್ತಾನೆ, ಆ ಸಿಟ್ಟನ್ನು ಮಗನ ಬೆನ್ನಿನ ಮೇಲೆ ತೀರಿಸಿಕೊಳ್ಳುತ್ತಾನೆ, ಹುಡುಗ ಮತ್ತೆ ಮನೆ ಬಿಡುತ್ತಾನೆ.

ಸಮುದಾಯ ಸೇವೆ 14 ದಾಟಿದವರಿಗೆ. ಉದ್ಯಾನ ನೋಡಿಕೊಳ್ಳುವುದು, ಆಸ್ಪತ್ರೆಯಲ್ಲಿ ನೆರವು, ವಯಸ್ಸಾದವರ ಸೇವೆ, ಟ್ರಾಫಿಕ್ ಸ್ವಯಂಸೇವೆ ಎಂದು ನಿಯಮದಲ್ಲೇ ಇದೆ. ಆದೇಶದಲ್ಲಿ ಜಾಗ, ವಾರಕ್ಕೆ ಎಷ್ಟು ತಾಸು, ಒಟ್ಟು ಎಷ್ಟು ವಾರ, ಯಾರ ಕೈಕೆಳಗೆ ಎಂದು ನಿಖರವಾಗಿ ಬರೆಸಿಕೊಳ್ಳಿ. ಭಾನುವಾರ ಎರಡು ತಾಸಿನಂತೆ ಹನ್ನೆರಡು ವಾರ ಎಂಬಂತೆ. ಬರೀ ‘ಸಮುದಾಯ ಸೇವೆ ಮಾಡತಕ್ಕದ್ದು’ ಎಂದಿದ್ದರೆ ಒಂದು ಕಡೆ ಅದು ನಡೆಯುವುದೇ ಇಲ್ಲ, ಇನ್ನೊಂದು ಕಡೆ ಶೌಚಾಲಯ ತೊಳೆಸಿ ಅವಮಾನ ಮಾಡುತ್ತಾರೆ. ಓದು ಬಿಟ್ಟವನಿಗೆ ಸನ್ನಡತೆಯ ಬಿಡುಗಡೆಯ ಜೊತೆ ಶಾಲೆ ಅಥವಾ ಐಟಿಐ ಹಾಜರಿಯನ್ನೂ ಸೇರಿಸಬಹುದು, ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸಬಹುದು.

ಊರ ಕಟ್ಟೆಯ ಮೇಲಿನ ಪಂಚಾಯಿತಿ? ಕಳೆದ ವಸ್ತು ಮರಳಿಸುವುದು, ಕ್ಷಮೆ ಕೇಳುವುದು, ಎರಡೂ ಮನೆಯವರು ಮಾತಾಡಿಕೊಳ್ಳುವುದು ಒಳ್ಳೆಯದು, ಮಂಡಳಿಗೂ ಅದನ್ನು ತಿಳಿಸಿ. ಆದರೆ ಕಂಬಕ್ಕೆ ಕಟ್ಟಿ ಬಡಿಯುವುದು, ತಲೆ ಬೋಳಿಸುವುದು, ವಿಡಿಯೊ ಮಾಡಿ ಊರ ಗ್ರೂಪಿಗೆ ಹಾಕುವುದು ಅಪರಾಧ. ಮಗುವಿನ ಹೆಸರು, ಫೋಟೊ, ಶಾಲೆ ಬಯಲು ಮಾಡಿದವರಿಗೆ 74ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಗಡಿ ದಾಟಿದ ಕೇಸು

ಅಥಣಿಯ ಹುಡುಗ ಮಹಾರಾಷ್ಟ್ರದ ಮೀರಜಿನಲ್ಲಿ ಸಿಕ್ಕರೆ ವಿಚಾರಣೆ ಅಲ್ಲಿನ ಮಂಡಳಿಯಲ್ಲೇ. 95ನೇ ಕಲಮಿನಂತೆ ಸ್ವಂತ ಜಿಲ್ಲೆಗೆ ವರ್ಗಾಯಿಸುವುದು ಅಂತಿಮ ಆದೇಶವಾದ ಮೇಲೆ ಮಾತ್ರ. ‘ಕೇಸು ಬೆಳಗಾವಿಗೆ ತರಿಸ್ರಿ’ ಎಂದು ಓಡಾಡುತ್ತ ದಿನ ಕಳೆಯುವ ಬದಲು ಅಲ್ಲಿಯೇ ಉಚಿತ ವಕೀಲರನ್ನು ಕೇಳಿ, ಜಾಮೀನು ಪಡೆದು ಊರಿಗೆ ಕರೆತನ್ನಿ, ತಾರೀಕಿಗೆ ಕರೆದೊಯ್ಯಿರಿ. ಶಾಲೆಯ ದಾಖಲೆ ಕನ್ನಡದಲ್ಲಿದ್ದರೆ ಅನುವಾದ ಮಾಡಿಸಿಕೊಂಡೇ ಹೋಗಿ, ಅದೊಂದಕ್ಕೇ ಒಂದು ತಾರೀಕು ಮುಂದೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. 24ನೇ ಕಲಮಿನಂತೆ ಈ ಪ್ರಕರಣ ಮುಂದಿನ ನೌಕರಿಗೋ ಓದಿಗೋ ಅಡ್ಡಿಯಾಗಕೂಡದು. ಘೋರ ಅಪರಾಧಕ್ಕೆ ಮಕ್ಕಳ ನ್ಯಾಯಾಲಯ ತಪ್ಪಿತಸ್ಥ ಎಂದ 16 ದಾಟಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ದಾಖಲೆಯನ್ನು ಮೇಲ್ಮನವಿಯ ಅವಧಿ ಅಥವಾ ಏಳು ವರ್ಷದ ಆಚೆಗೆ ಇಟ್ಟುಕೊಳ್ಳುವಂತಿಲ್ಲ. ಅದನ್ನು ನಾಶಪಡಿಸುವ ಆದೇಶದ ಪ್ರತಿ ಮಂಡಳಿಯಿಂದ ಕೇಳಿ ತೆಗೆದುಕೊಂಡು, ಟಿಸಿ, ಅಂಕಪಟ್ಟಿ ಇಡುವ ಫೈಲಿನಲ್ಲೇ ಇಟ್ಟುಬಿಡಿ. ಮುಂದೆ ಪಾಸ್‌ಪೋರ್ಟಿಗೋ ಪೊಲೀಸ್ ನೇಮಕಾತಿಗೋ ಪರಿಶೀಲನೆ ಬಂದಾಗ ಹಳೆಯ ಡೈರಿ ಯಾರಾದರೂ ತೆಗೆದರೆ ಆ ಹಾಳೆಯನ್ನು ಮುಂದಿಡಬಹುದು.